ಏಳರ ನಂತರ ಹನ್ನೆರಡು

"ಕಪ್ಪು ಶಾಯಿಯ ಪೆನ್ನು ಎರಡು ತಾ," ಅಂದಿದ್ದಳು ಮಾರ್ಲಿಸ್ ವೊಂಡ್ರಾ.
"ಒಂದು ಬರೆಯೋಕೆ, ಇನ್ನೊಂದು ಮೊದಲನೇದು ಕೈಕೊಟ್ಟಾಗ.
ಬೇರೆ ಊರಿನವರು ಪೆನ್ಸಿಲ್ ಹಿಡೀತಾರೆ, ಹಿಡೀಲಿ.
ಅಳಿಸಬಹುದು ಅಂತ ಗೊತ್ತಾದ ಕೈ
ಸೋಮಾರಿಯಾಗುತ್ತೆ."

ಹಗಲು ನಾನು ನೆಬ್ರಾಸ್ಕಾದ ಈ ಪುಟ್ಟ ಊರಲ್ಲಿ, ರೈಲುಹಳಿಯ ಪಕ್ಕ,
ಮೆಕ್ಕೆಜೋಳದ ಲಾರಿಗಳ ತೂಕ ಬರೆಯುವವಳು.
ತುಂಬಿದ್ದಾಗ ಎಷ್ಟು, ಖಾಲಿಯಾದಾಗ ಎಷ್ಟು,
ಕಳೆದರೆ ಉಳಿದದ್ದು ರೈತನದು.
ಅಂಕಿಗಳೆಂದರೆ ನನಗೆ ಭಯವಿಲ್ಲ ಅಂದುಕೊಂಡೇ ಒಪ್ಪಿದೆ.
ಆದರೆ ಲಾರಿ, ನಾನು ಬರೆದು ಮುಗಿಸುವ ತನಕ ನಿಲ್ಲುತ್ತದೆ.
ಚೆಂಡು ನಿಲ್ಲುವುದಿಲ್ಲ.

ಆಗಸ್ಟಿನ ಸಂಜೆ, ಖಾಲಿ ಜಿಮ್ಮು, ಮೇಣದ ವಾಸನೆ.
ಮಾರ್ಲಿಸ್ ಕಾಗದ ಹರಡಿದಳು, ಸೀರೆಯ ನೆರಿಗೆಯಷ್ಟು ಒತ್ತೊತ್ತು ಗೆರೆಗಳು.
ಸರ್ವಿಸ್ ಮಾಡುವವಳ ಸಾಲಿನಲ್ಲಿ ಅವಳು ಗಳಿಸಿದ ಅಂಕ.
ಕಳಕೊಂಡರೆ ಒಂದು ಆರ್.
ಬೇರೆ ಬಣ್ಣದಂಗಿಯ ಲಿಬೆರೋ ಗಳಿಸಿದ್ದಕ್ಕೆ ತ್ರಿಕೋನದ ಬೇಲಿ.
ಬದಲಿ ಆಟಗಾರ್ತಿ ಬಂದರೆ ಎಸ್, ಕೋಚ್ ಉಸಿರು ಬೇಡಿದರೆ ಟಿ.
ಮೂವತ್ತೊಂದು ವರ್ಷ ಬರೆದ ಅವಳ ಬಲಗೈ
ಈಗ ತಾನಾಗಿಯೇ ನಡುಗುತ್ತದೆ,
ಹಾಗಾಗಿ ಎಡಗೈಯಿಂದ ಅದನ್ನು ಮೇಜಿಗೆ ಒತ್ತಿ ಹಿಡಿದು ಮಾತಾಡುತ್ತಾಳೆ.

"ಚಪ್ಪಾಳೆ ತಟ್ಟಬಾರದು."
ಸರಿ.
"ಛೇ ಅನ್ನಬಾರದು."
ಸರಿ.
"ತಪ್ಪು ಹುಡುಗಿ ಸರ್ವಿಸ್‌ಗೆ ನಿಂತಿದ್ದು ಕಂಡರೆ
ಹೇಳಬಾರದು. ಕಣ್ಣಲ್ಲೂ ಹೇಳಬಾರದು.
ಅಂಗೈ ಚೆಂಡನ್ನು ಮುಟ್ಟೋ ತನಕ ಕಾಯಿ.
ಮುಟ್ಟಿದ ಮೇಲೆ ಬಜರ್ ಒತ್ತು."
ಅದಕ್ಕೆ ಮೊದಲೇ ಹೇಳಿದರೇನು ಅಂದೆ.
"ಆಗ ನೀನು ಕೋಚು. ಅವರಿಗೆ ಸಂಬಳ ಬೇರೆ."

ಸೆಪ್ಟೆಂಬರ್ ಪೂರ್ತಿ ಒದ್ದಾಡಿದೆ.
ಒಮ್ಮೆ ಒಂದೇ ಅಂಕವನ್ನು ಎರಡು ಸಲ ಹೊಡೆದು
ರೆಫರಿ ಡುವೇನ್ ಮೇಜಿನ ಬಳಿ ಬಂದು ಬಗ್ಗಿ
ಪುದೀನಾ ವಾಸನೆಯ ಪಿಸುಮಾತಲ್ಲಿ ನನ್ನ ಮಾನ ಕಾಪಾಡಿದ.
ಆಟ ನೋಡುವುದನ್ನೇ ಬಿಟ್ಟೆ.
ಯಾರು ಎಷ್ಟೆತ್ತರ ಹಾರಿದರು, ನನಗೆ ಗೊತ್ತಿಲ್ಲ.
ಬೆನ್ನಿನ ಅಂಕಿ, ಶಿಳ್ಳೆ, ಡುವೇನನ ತೋಳು ಯಾವ ಕಡೆಗೆ,
ಇಷ್ಟೇ ನನ್ನ ಲೋಕ.
ಕನಸಲ್ಲಿ ಸತ್ತ ಗಂಡ ಬಂದು ಬಾಗಿಲಲ್ಲಿ ನಿಂತರೂ
ಮೊದಲು ಬೆನ್ನು ತಿರುಗಿಸು ಅಂದೆ.

ಅಕ್ಟೋಬರಿನ ಮಂಗಳವಾರ. ಎರಡೆರಡು ಸೆಟ್ಟು ಸಮ.
ಐದನೆಯದರಲ್ಲಿ ಹನ್ನೆರಡು, ಹನ್ನೆರಡು.
ಸರ್ವಿಸ್ ನಮ್ಮದಾಯಿತು. ಏಳನೇ ನಂಬರಿನ ಸರದಿ.
ಚೆಂಡು ಹಿಡಿದು ಗೆರೆಯ ಹಿಂದೆ ಹೋದವಳು ಹನ್ನೆರಡು.
ಬ್ರಿನ್ಲಿ. ನನ್ನ ತಂಗಿಯ ಮಗಳು.
ಹಲ್ಲುತಂತಿ ಬಿಗಿದ ದಿನ ನನ್ನ ಅಡುಗೆಮನೆಯಲ್ಲಿ
ಆಲೂಗಡ್ಡೆ ಗಂಜಿ ಕುಡಿದು ಅತ್ತವಳು.

ಚೆಂಡನ್ನು ನೆಲಕ್ಕೆ ಮೂರು ಸಲ ಕುಟ್ಟಿದಳು. ಯಾವಾಗಲೂ ಮೂರು.
ಒಂದರಲ್ಲಿ ನನ್ನ ಗಂಟಲು ತೆರೆಯಿತು.
ಎರಡರಲ್ಲಿ ಪಕ್ಕದ ಕುರ್ಚಿಯ ಮಾರ್ಲಿಸ್
ಏನೂ ಕಾಣದವಳಂತೆ ಕನ್ನಡಕ ಒರೆಸತೊಡಗಿದಳು.
ಮೂರು.
ಇಷ್ಟು ಉದ್ದದ ಮೌನವನ್ನು ನಾನು ಎಲ್ಲೂ ತೂಗಿರಲಿಲ್ಲ.

ಅಂಗೈ ಬಡಿಯಿತು. ಒತ್ತಿದೆ.

ಚೆಂಡು ಆಚೆ ಯಾರೂ ಮುಟ್ಟದ ಮೂಲೆಗೆ ಬಿದ್ದಿತ್ತಂತೆ,
ಅದ್ಭುತವಾಗಿತ್ತಂತೆ, ಆಮೇಲೆ ಹೇಳಿದರು.
ನನಗೆ ಕೇಳಿಸಿದ್ದು ಮರದ ಮೆಟ್ಟಿಲುಗಳ ಮೇಲೆದ್ದ ಹರ್ಷ
ಅರ್ಧಕ್ಕೇ ಕುಸಿದ ಸದ್ದು.
ಡುವೇನ್ ಬಂದ. ಕಾಗದದ ಮೇಲೆ ಬೆರಳಿಟ್ಟು ತೋರಿಸಿದೆ.
ತಲೆಯಾಡಿಸಿದ.
ಆರ್ ಬರೆದೆ. ಎದುರಾಳಿಯ ಹದಿಮೂರಕ್ಕೆ ಓರೆ ಗೆರೆ ಎಳೆದೆ.
ಗೆರೆ ನೆಟ್ಟಗಿರಲಿಲ್ಲ.

ಸೋತೆವು. ನನಗೆ ಗೆಲುವೂ ಇಲ್ಲ, ಸೋಲೂ ಇಲ್ಲ,
ಆದರೂ ಸೋತೆವು ಅಂತಲೇ ಬಾಯಿಗೆ ಬರುತ್ತದೆ.
ತಂಗಿ ಕೋಟು ಹಾಕಿಕೊಂಡು ನನ್ನ ಮುಂದೆಯೇ ಹಾದುಹೋದಳು.
ಮಾರ್ಲಿಸ್ ಎಂದಳು, "ಎರಡನೇ ಸೆಟ್ಟಲ್ಲಿ ಒಂದು ಟಿ ಬಿಟ್ಟಿದ್ದೆ. ನೋಡಿಕೋ."

ನೆಟ್ ಬಿಚ್ಚುತ್ತಿದ್ದರು. ಬ್ರಿನ್ಲಿ ಬಂದು ಮೇಜಿಗೆ ಒರಗಿ,
ಬೆವರಿನ ಹನಿ ಕಾಗದಕ್ಕೆ ಬೀಳದಂತೆ ಹಿಂದೆ ಸರಿದು,
"ನಾನು ಯಾರ ನಂತರ?" ಎಂದಳು.
ಪೆನ್ನಿನ ಹಿಂತುದಿಯಿಂದ ಸಾಲು ತೋರಿಸಿದೆ.
"ಏಳರ ನಂತರ."
ತುಟಿಯಲ್ಲೇ ಎರಡು ಸಲ ಹೇಳಿಕೊಂಡಳು.
ಮೊಣಕಾಲಿನ ಪಟ್ಟಿ ಕಣಕಾಲಿಗೆ ಜಾರಿತ್ತು.
"ನಾಳೆ ಊಟಕ್ಕೆ ಬರಲಾ?" ಅಂದಳು,
ನಾನು ಸಹಿಯ ಜಾಗ ಹುಡುಕುತ್ತಿದ್ದಾಗ.